ಬಣ್ಣ ತೊಳೆದ ಮೇಲಿನ ಮುಖ

ಮನುಷ್ಯನಾಗಿ ಹುಟ್ಟಿದವನಿಗೆ ಒಂದಲ್ಲ ಒಂದು ಹುಚ್ಚು ಇರತಕ್ಕದ್ದು ಸಹಜ. ಒಬ್ಬರಿಗೆ ಇಸ್ಪೀಟು, ಒಬ್ಬರಿಗೆ ನಶ್ಯ, ಮತ್ತೊಬ್ಬರಿಗೆ ಹಳೆಯ ನಾಣ್ಯ. ಕನ್ನಡದಲ್ಲಿ ಎಂ. ಎ. ಮಾಡಿ ಕಾಲೇಜಿನಲ್ಲಿ ಪಾಠ ಹೇಳಿಕೊಂಡಿರುವವನಿಗೆ ಕವಿತೆ ಬರೆಯುವ ಹುಚ್ಚು ಇದ್ದೇ ಇರಬೇಕೆಂಬುದು ಲೋಕರೂಢಿ. ದೇವರ ದಯದಿಂದ ನಾನು ಅದರಿಂದ ಪಾರಾಗಿದ್ದೇನೆ. ಆದರೆ ಅದಕ್ಕಿಂತ ವಿಚಿತ್ರವಾದ ಇನ್ನೊಂದು ಹುಚ್ಚು ನನಗೆ ಅಂಟಿಕೊಂಡಿದೆ. ನಾನು ಮುಖಗಳನ್ನು ಬರೆಯುತ್ತೇನೆ. ಅದೂ ಎಂಥ ಮುಖಗಳು? ದೇವರದಲ್ಲ, ದೇಶಭಕ್ತರದಲ್ಲ, ಚೆಲುವೆಯರದೂ ಅಲ್ಲ. ಜನರನ್ನು ನಗಿಸಿ ಹೊಟ್ಟೆ ಹೊರೆದುಕೊಂಡ ವಿದೂಷಕರ ಮುಖಗಳು.

ಸಂಜೆ ಕಾಲೇಜಿನಿಂದ ಮನ್ನಾಏಖೇಳ್ಳಿಗೆ ಬಸ್ಸಿನಲ್ಲಿ ಮರಳಿ, ಚಹಾ ಕುಡಿದು, ಮೊಗಸಾಲೆಯಲ್ಲಿ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆನೆಂದರೆ ಊಟದ ಹೊತ್ತಿನವರೆಗೆ ನನಗೆ ಲೋಕದ ಪರಿವೆಯಿಲ್ಲ. ಹೊರಗೆ ಹೆದ್ದಾರಿಯಲ್ಲಿ ಹೈದರಾಬಾದಿನಿಂದ ಸೊಲ್ಲಾಪುರದ ಕಡೆಗೆ ಲಾರಿಗಳು ಹೋಗುತ್ತಿರುತ್ತವೆ. ಒಳಗೆ ನಾನು ಒಂದು ಮೂಗಿನ ತುದಿಯನ್ನು ಬರೆದು ಅಳಿಸಿ, ಅಳಿಸಿ ಬರೆಯುತ್ತಿರುತ್ತೇನೆ. ನನ್ನ ಗೃಹಿಣಿಯ ಮಾತಿನಲ್ಲಿ ಹೇಳುವುದಾದರೆ, ಮನೆಯಲ್ಲಿರುವವರ ಮುಖ ನೋಡಲು ಪುರಸೊತ್ತಿಲ್ಲದವನಿಗೆ ಸತ್ತ ದೊರೆಗಳ ದೇಶದ ವಿದೂಷಕರ ಮುಖ ಬೇಕು. ಈ ಆಪಾದನೆಯಲ್ಲಿ ಸತ್ಯಾಂಶ ಇಲ್ಲದಿಲ್ಲ.

ನನ್ನ ಗೋಡೆಯ ಮೇಲೆ ಮೊದಲಿಗನಾಗಿ ನಿಂತಿರುವವನು ಚಾರ್ಲಿ ಚಾಪ್ಲಿನ್. 1889ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವನು. ತಂದೆತಾಯಿಗಳಿಬ್ಬರೂ ಅಲ್ಲಿಯ ಸಂಗೀತಶಾಲೆಗಳಲ್ಲಿ ಹಾಡಿ ಬದುಕುತ್ತಿದ್ದವರು. ಅವನನ್ನು ಬರೆಯುವುದು ಸುಲಭವೆಂದು ಎಲ್ಲರೂ ತಿಳಿದಿದ್ದಾರೆ. ಒಂದು ಟೊಪ್ಪಿಗೆ, ಒಂದು ಚೂರು ಮೀಸೆ, ಒಂದು ಬೆತ್ತ: ಇಷ್ಟು ಗೀಚಿದರೆ ಮೂರನೆಯ ತರಗತಿಯ ಹುಡುಗನೂ ಚಾಪ್ಲಿನ್ ಎಂದು ಕೂಗುತ್ತಾನೆ. ಆದರೆ ಅದು ಚಾಪ್ಲಿನ್ನನ ಚಿತ್ರವಲ್ಲ, ಅವನ ಬಟ್ಟೆಗಳ ಚಿತ್ರ. 1914ರಲ್ಲಿ ಆ ವೇಷವನ್ನು ಮೊದಲು ತೊಟ್ಟಾಗ ಪಾತ್ರ ಎಂಥದೆಂಬ ಕಲ್ಪನೆಯೇ ತನಗಿರಲಿಲ್ಲವೆಂದೂ, ಬಟ್ಟೆ ಬಣ್ಣಗಳು ಮೈಮೇಲೆ ಬಂದ ಮೇಲೆ ಆ ಮನುಷ್ಯನೂ ತನ್ನೊಳಗೆ ಬಂದನೆಂದೂ 1964ರಲ್ಲಿ ಹೊರಬಂದ ತನ್ನ ಆತ್ಮಕಥೆಯಲ್ಲಿ ಅವನು ಹೇಳಿಕೊಂಡಿದ್ದಾನೆ. ಮೀಸೆಯನ್ನು ಅಷ್ಟು ಚಿಕ್ಕದಾಗಿ ಇಟ್ಟುಕೊಂಡದ್ದೂ ಮುಖದ ಭಾವ ಮುಚ್ಚಿಹೋಗಬಾರದೆಂದು. ಬಣ್ಣ ತೊಳೆದು, ಮೀಸೆ ತೆಗೆದು ಅವನು ಬೀದಿಗೆ ಬಂದರೆ ಗುರುತು ಹಿಡಿಯುವುದು ಕಷ್ಟವಾಗುತ್ತಿತ್ತಂತೆ. ಆ ಬರಿಯ ಮುಖದ ಭಾವಚಿತ್ರವೊಂದನ್ನು ಎದುರಿಗಿಟ್ಟುಕೊಂಡು ನಾನು ಒಮ್ಮೆ ಬರೆದೆ. ಕಾಲೇಜಿನ ಮಿತ್ರರಿಗೆ ತೋರಿಸಿದೆ. ಒಬ್ಬರು ಯಾವನೋ ಕವಿ ಇರಬೇಕೆಂದರು. ಇನ್ನೊಬ್ಬರು, ನಿಮ್ಮ ಸೋದರಮಾವನೋ ಎಂದು ಕೇಳಿದರು.

ಎರಡನೆಯವನು ಬಸ್ಟರ್ ಕೀಟನ್. ಇವನು 1895ರಲ್ಲಿ ಅಮೆರಿಕದ ಕಾನ್ಸಾಸ್ ಸೀಮೆಯ ಒಂದು ಹಳ್ಳಿಯಲ್ಲಿ, ತಂದೆತಾಯಿಗಳು ಆಟ ಕಟ್ಟಿಕೊಂಡು ಊರೂರು ತಿರುಗುತ್ತಿದ್ದಾಗ ಹುಟ್ಟಿದವನು. ನಮ್ಮ ನಾಟಕ ಕಂಪೆನಿಗಳ ಮಕ್ಕಳು ಮೊಕ್ಕಾಮು ಇದ್ದ ಊರಲ್ಲೆಲ್ಲ ಹುಟ್ಟುತ್ತಿದ್ದರಲ್ಲವೆ, ಹಾಗೆ. ಅಂದು ಅಮೆರಿಕದಲ್ಲಿ ವಾಡ್‌ವಿಲ್ ಎಂಬ ಬಗೆಯ ಆಟಗಳು ಬಹು ಜನಪ್ರಿಯವಾಗಿದ್ದವು. ಒಂದೇ ಸಂಜೆಗೆ ಎಂಟು ಹತ್ತು ಬಾಬುಗಳು, ಒಂದಕ್ಕೊಂದು ಸಂಬಂಧವಿಲ್ಲ. ಒಬ್ಬ ಹಾಡಿ ಹೋದ ಮೇಲೆ ಇನ್ನೊಬ್ಬ ಚೆಂಡುಗಳನ್ನು ಎಸೆದು ಹಿಡಿಯುವನು. ಅವನ ಹಿಂದೆ ನಾಯಿಗಳ ಕುಣಿತ, ಆಮೇಲೆ ಜಾದೂ, ಕೊನೆಗೆ ಹಾಸ್ಯ. ಬಾಲಕ ಕೀಟನ್ನನನ್ನು ಅವನ ಅಪ್ಪ ರಂಗದ ಮೇಲೆ ಚೀಲದಂತೆ ಎತ್ತಿ ಎಸೆಯುತ್ತಿದ್ದ. ಎಸೆಯಲು ಅನುಕೂಲವಾಗಲೆಂದು ಹುಡುಗನ ಅಂಗಿಯ ಬೆನ್ನಿಗೆ ಪೆಟ್ಟಿಗೆಯ ಹಿಡಿಕೆಯೊಂದನ್ನು ಹೊಲಿದಿದ್ದರು! ಬಿದ್ದವನು ನಕ್ಕರೆ ಜನ ನಗುವುದಿಲ್ಲ, ಮುಖ ಗಂಟಿಕ್ಕಿಕೊಂಡಿದ್ದರೆ ಬಿದ್ದು ಬಿದ್ದು ನಗುತ್ತಾರೆ ಎಂಬ ಗುಟ್ಟನ್ನು ಆ ಮಗು ಅಲ್ಲಿಯೇ ಕಲಿಯಿತು. ಮುಂದೆ ಚಿತ್ರಗಳಲ್ಲಿಯೂ ಅವನು ನಗಲಿಲ್ಲ. 1928ರ ಒಂದು ಚಿತ್ರದಲ್ಲಿ ಮನೆಯ ಇಡೀ ಮುಂಗೋಡೆ ಅವನ ಮೇಲೆ ಬೀಳುತ್ತದೆ. ಕಿಟಕಿಯ ತೆರಪು ಸರಿಯಾಗಿ ಅವನು ನಿಂತ ಜಾಗಕ್ಕೆ ಬಂದು ಅವನು ಉಳಿಯುತ್ತಾನೆ. ಆಗಲೂ ಮುಖದಲ್ಲಿ ಗೆರೆ ಅಲುಗುವುದಿಲ್ಲ.

ಅಂಥ ಮುಖವನ್ನು ಬರೆಯುವವನ ಪಾಡು ಕೇಳಬೇಡಿರಿ. ನಗುವ ಮುಖದಲ್ಲಿ ಹಿಡಿಯಲು ಗೆರೆಗಳಿವೆ: ಕೆನ್ನೆಯ ಮಡಿಕೆ, ಕಣ್ಣಂಚಿನ ಸುಕ್ಕು. ಕೀಟನ್ನನಲ್ಲಿ ಇರುವುದು ಎರಡು ಕಣ್ಣು ಮಾತ್ರ. ಮುಖ ಬರೆಯುವುದನ್ನು ಕಲಿಯುವವರಿಗೆ ಮೊದಲು ಹೇಳುವ ಪಾಠವೊಂದುಂಟು: ನೆತ್ತಿಯಿಂದ ಗದ್ದದವರೆಗೆ ಅಳೆದರೆ ಕಣ್ಣುಗಳು ಬರುವುದು ನಟ್ಟನಡುವೆ, ಎರಡು ಕಣ್ಣುಗಳ ನಡುವಿನ ಅಂತರ ಒಂದು ಕಣ್ಣಿನಷ್ಟು. ಹೊಸಬರೆಲ್ಲರೂ ಕಣ್ಣುಗಳನ್ನು ಹಣೆಗೆ ಏರಿಸಿಬಿಡುತ್ತಾರೆ. ಈ ಅಳತೆಯೆಲ್ಲ ತಪ್ಪದೆ ಬಂದರೂ ಕೀಟನ್ನನ ಕಣ್ಣು ನನಗೆ ಬಂದದ್ದು ಹನ್ನೊಂದನೆಯ ಹಾಳೆಯಲ್ಲಿ.

ಮೂರನೆಯ ಮುಖದ ಮುಂದೆ ನಾನು ಬಹಳ ದಿನ ಸುಮ್ಮನೆ ಕುಳಿತೆ. ಬರ್ಟ್ ವಿಲಿಯಮ್ಸ್ ಎಂಬುವನದು ಅದು. ಬಹಾಮಾ ದ್ವೀಪಗಳಲ್ಲಿ 1874ರಲ್ಲಿ ಹುಟ್ಟಿದ ಕರಿಯ ಜನಾಂಗದವನು. 1910ರಲ್ಲಿ ನ್ಯೂಯಾರ್ಕಿನ ಅತ್ಯಂತ ವೈಭವದ ಆಟವೊಂದರಲ್ಲಿ ಬಿಳಿಯ ನಟರ ಸರಿಸಮನಾಗಿ ನಿಂತವನು. ಆದರೂ ರಂಗಕ್ಕೆ ಬರುವ ಮುನ್ನ ಅವನು ಸುಟ್ಟ ಬೆಂಡಿನ ಮಸಿಯನ್ನು ಮುಖಕ್ಕೆ ಬಳಿದುಕೊಳ್ಳಬೇಕಾಗಿತ್ತು. ಬಿಳಿಯರು ಕರಿಯರನ್ನು ಅಣಕಿಸಲೆಂದು ಹುಟ್ಟಿಸಿದ ಬಣ್ಣ ಅದು. ಕರಿಯನೇ ಬಂದರೂ ಆ ಬಣ್ಣವಿಲ್ಲದೆ ನೋಡಲು ಜನ ಒಪ್ಪುತ್ತಿರಲಿಲ್ಲ. 1922ರಲ್ಲಿ ತೀರಿಕೊಂಡ ಆ ಪುಣ್ಯಾತ್ಮನ ಎರಡು ಬಗೆಯ ಭಾವಚಿತ್ರಗಳು ಉಳಿದಿವೆ. ಮಸಿ ಬಳಿದ ಮುಖ ಹಲ್ಲು ಬಿಟ್ಟು ನಗುತ್ತದೆ. ಬರಿಯ ಮುಖ ಒಬ್ಬ ಸಭ್ಯ ಗೃಹಸ್ಥನದು. ತೀಡಿದ ತಲೆ, ಮಡಿಯಾದ ಕೊರಳಪಟ್ಟಿ, ಸ್ವಲ್ಪ ದಣಿದ ಕಣ್ಣು. ನಾನು ಬರೆದದ್ದು ಎರಡನೆಯದನ್ನು. ಮೊದಲನೆಯದನ್ನು ಬರೆಯಲು ಸೀಸದಕಡ್ಡಿ ಏಳಲಿಲ್ಲ.

ಇಷ್ಟು ಹೇಳಿದ ಮೇಲೆ ವಾಚಕರಲ್ಲಿ ಯಾರಾದರೊಬ್ಬರು, “ಏನಯ್ಯ, ಕನ್ನಡದ ಮೇಷ್ಟ್ರು ನೀನು, ನಮ್ಮವರಲ್ಲಿ ಮುಖವುಳ್ಳವರು ಯಾರೂ ಇರಲಿಲ್ಲವೆ?” ಎಂದು ಕೇಳದೆ ಇರಲಾರರು. ನನ್ನ ತಂದೆಯವರೂ ಇದನ್ನೇ ಕೇಳಿದರು. ಮರುದಿನವೇ ಗುಬ್ಬಿ ವೀರಣ್ಣನವರನ್ನು ಹಿಡಿದುಕೊಂಡು ಕುಳಿತೆ.

ಗುಬ್ಬಿಯ ಮಂಡಳಿ ಹುಟ್ಟಿದ್ದು 1884ರಲ್ಲಿ. ವೀರಣ್ಣನವರು ತೀರಿಕೊಂಡದ್ದು 1972ರಲ್ಲಿ. ಆನೆ ಕುದುರೆಗಳನ್ನೇ ರಂಗಕ್ಕೆ ತಂದ ‘ಕುರುಕ್ಷೇತ್ರ’ದ ಒಡೆಯರು ಅವರು. ರಾಜಕುಮಾರ್, ಜಿ. ವಿ. ಅಯ್ಯರ್, ಬಿ. ವಿ. ಕಾರಂತ ಮೊದಲಾದವರು ಅನ್ನ ಉಂಡು ಪಾಠ ಕಲಿತದ್ದು ಆ ಮನೆಯಲ್ಲಿ. ಇಷ್ಟೆಲ್ಲ ಇದ್ದೂ ಅವರು ತಮಗಾಗಿ ಆರಿಸಿಕೊಂಡದ್ದು ರಾಜನ ಪಾತ್ರವನ್ನಲ್ಲ. ‘ಸದಾರಮೆ’ಯ ಕಳ್ಳನನ್ನು! ಕಂಪೆನಿಯ ಯಜಮಾನನೇ ಕಳ್ಳನಾಗಿ ಬಂದರೆ ಟಿಕೆಟು ಕೊಂಡವರಿಗೆ ಅದಕ್ಕಿಂತ ಸಂತೋಷ ಉಂಟೆ? ಅವರ ಮುಖವನ್ನು ಬರೆಯುವಾಗ ನನಗೆ ತೊಡಕಾದದ್ದು ಹುಬ್ಬು. ಯಜಮಾನನ ಗಾಂಭೀರ್ಯವೂ ಕಳ್ಳನ ತುಂಟತನವೂ ಎರಡೂ ಅಲ್ಲಿಯೇ ಮನೆಮಾಡಿಕೊಂಡಿವೆ.

ಅನಂತರ ನರಸಿಂಹರಾಜು. 1923ರಲ್ಲಿ ತಿಪಟೂರಿನಲ್ಲಿ ಹುಟ್ಟಿ, 1954ರ ‘ಬೇಡರ ಕಣ್ಣಪ್ಪ’ದಿಂದ ಬೆಳ್ಳಿತೆರೆಗೆ ಬಂದು, 1979ರಲ್ಲಿ, ಇನ್ನೂ ಅರವತ್ತು ತುಂಬುವ ಮುನ್ನವೇ ಕಣ್ಮರೆಯಾದವರು. ಮುಖ ಬರೆಯುವವರ ಶಾಸ್ತ್ರದಲ್ಲಿ ಒಂದು ಎಚ್ಚರಿಕೆ ಉಂಟು: ನಗುವ ಬಾಯಲ್ಲಿ ಹಲ್ಲುಗಳನ್ನು ಒಂದೊಂದಾಗಿ ಗೆರೆಯೆಳೆದು ಬೇರ್ಪಡಿಸಬಾರದು, ಹಾಗೆ ಮಾಡಿದರೆ ಇಪ್ಪತ್ತರ ಹುಡುಗಿಯೂ ಎಪ್ಪತ್ತರ ಮುದುಕಿಯಾಗುತ್ತಾಳೆ. ನರಸಿಂಹರಾಜು ಅವರ ಮುಂದೆ ಈ ಶಾಸ್ತ್ರವೆಲ್ಲ ನಿಷ್ಪ್ರಯೋಜಕ. ಆ ಉಬ್ಬುಹಲ್ಲುಗಳನ್ನು ಬಿಟ್ಟರೆ ಅವರೇ ಇಲ್ಲ. ಲೋಕ ಯಾವುದನ್ನು ಕುಂದೆಂದು ಕರೆಯುತ್ತದೋ ಅದನ್ನೇ ಬಂಡವಾಳ ಮಾಡಿಕೊಂಡು ಬಾಳಿದ ಧೀರರು ಅವರು. ಅವರ ಜೊತೆಗೆ ಬಾಲಕೃಷ್ಣ ಅವರನ್ನೂ ಬರೆದೆ. ಕಿವಿ ಸರಿಯಾಗಿ ಕೇಳದಿದ್ದರೂ ಎದುರಿನವರ ತುಟಿ ನೋಡಿಕೊಂಡು ಮಾತಿಗೆ ಮಾತು ಜೋಡಿಸುತ್ತಿದ್ದ ಆ ಮಹಾನಟರ ಕಣ್ಣುಗಳು ಸದಾ ಎದುರಿಗಿದ್ದವರ ಬಾಯಿಯ ಮೇಲೆಯೇ ನೆಟ್ಟಿರುವಂತೆ ನನಗೆ ತೋರುತ್ತದೆ.

ಹೀಗೆ ಗೋಡೆ ತುಂಬುತ್ತ ಬಂತು. ಆದರೆ ಒಂದು ಜಾಗ ಮಾತ್ರ ಖಾಲಿಯಾಗಿಯೇ ಉಳಿಯಿತು. ಅದು ನಮ್ಮ ಸೀಮೆಯವರದು.

ನಮ್ಮ ಹುಮನಾಬಾದಿನ ಹಾದಿಯಾಗಿ ಮುಂದೆ ಹೋದರೆ ಕಲ್ಯಾಣ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ನೆರೆದ ಶರಣರಲ್ಲಿ ಮಂತ್ರಿಗಳಿದ್ದರು, ಮಡಿವಾಳರಿದ್ದರು, ಅಂಬಿಗರಿದ್ದರು. ಇದು ಎಲ್ಲರಿಗೂ ಗೊತ್ತು. ಅವರ ನಡುವೆ ಆಟದವರೂ ಇದ್ದರೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಬಹುರೂಪಿ ಚೌಡಯ್ಯನ ಕಾಯಕ ವೇಷ ಹಾಕುವುದು. ನಗೆಯ ಮಾರಿತಂದೆಯ ಕಾಯಕ ಜನರನ್ನು ನಗಿಸುವುದು. ನಗಿಸುವುದೂ ಒಂದು ಕಾಯಕ. ಅದರಿಂದ ಬಂದದ್ದರಲ್ಲಿ ದಾಸೋಹ ಮಾಡಬಹುದು. ಮಂತ್ರಿಯ ಪಕ್ಕದಲ್ಲಿ ಕುಳಿತು ವಚನ ಹೇಳಬಹುದು! ನಗಿಸುವವನಿಗೆ ಇಂಥ ಪೀಠವನ್ನು ಕೊಟ್ಟ ಊರು ಲೋಕದಲ್ಲಿ ಇನ್ನೆಷ್ಟಿವೆಯೋ ನಾನರಿಯೆ. ಈ ಇಬ್ಬರ ಮುಖಗಳನ್ನು ಬರೆಯಬೇಕೆಂದು ನನಗೆ ಬಹಳ ದಿನದ ಆಸೆ. ಆದರೆ ಯಾವುದನ್ನು ನೋಡಿ ಬರೆಯುವುದು? ಅವರ ವಚನಗಳು ಉಳಿದಿವೆ, ಮುಖ ಉಳಿದಿಲ್ಲ. ಕ್ಯಾಲೆಂಡರಿನ ಶರಣರಂತೆ ಗಡ್ಡ ಬಿಡಿಸಿ, ಕಣ್ಣು ಅರೆಮುಚ್ಚಿಸಿ ಕೂರಿಸಿದರೆ ಮಾರಿತಂದೆ ನಗಿಸುವುದು ಹೇಗೆ? ನಾಲ್ಕಾರು ಹಾಳೆ ಕೆಡಿಸಿ ಕೈಬಿಟ್ಟೆ.

ಹೀಗಿರುವಾಗ ಹೋದ ವರ್ಷ ಜೋಳದ ಸುಗ್ಗಿ ಮುಗಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಎಪ್ಪತ್ತರ ಆಚೆಯ ಮುದುಕರೊಬ್ಬರು ಏಳೆಂಟು ವರ್ಷದ ಮೊಮ್ಮಗಳ ಕೈ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು. ತಲೆಗೆ ಮಾಸಿದ ರುಮಾಲು, ಬಗ್ಗಿದ ಮೊಣಕಾಲು.

“ಸರ್, ನೀವು ಮಂದಿ ಮಾರಿ ತೆಗೀತೀರಂತಲ್ರಿ?”

“ಹೌದು ಕಾಕಾ, ಒಳಗ ಬರ್ರಿ, ಕುಂದ್ರಿ.”

“ನಂದೊಂದು ತೆಗೆದು ಕೊಡ್ರಿ. ನಾ ಸೋಗಿನವ ಇದ್ದೀನ್ರಿ. ಈ ಊರಿಗಿ ಮೊದಲ ಭಾಳ ಸಲ ಬಂದೀನ್ರಿ.”

ಸೋಗಿನವರು ಎಂದರೆ ಹಗಲುವೇಷದವರು. ದಕ್ಷಿಣದ ವಾಚಕರಲ್ಲಿ ಕೆಲವರಿಗೆ ಇದನ್ನು ವಿವರಿಸಬೇಕಾಗಬಹುದು. ಬೇರೆ ಆಟಗಳೆಲ್ಲ ರಾತ್ರಿ, ದೀಪದ ಬೆಳಕಿನಲ್ಲಿ, ರಂಗದ ಮೇಲೆ ನಡೆಯುತ್ತವೆ. ಇವರದು ಹಾಡುಹಗಲು, ಊರಿನ ಓಣಿಯೇ ರಂಗ. ಅರದಾಳ, ಇಂಗಳೀಕ, ಸಫೇದ, ಕಾಡಿಗೆಗಳಿಂದ ಮುಖ ಬರೆದುಕೊಂಡು, ಪೇಟಿ ತಬಲಾಗಳೊಡನೆ ಮನೆಯಿಂದ ಮನೆಗೆ ಬರುತ್ತಾರೆ. ಇಂದು ರಾಮ ಲಕ್ಷ್ಮಣರು, ನಾಳೆ ಭೀಮ ದುಶ್ಶಾಸನರು, ಮರುದಿನ ಪೊಲೀಸು ಫೌಜುದಾರ. ಹೆಣ್ಣು ಪಾತ್ರಗಳನ್ನು ಮಾಡುವವರೂ ಗಂಡಸರೇ. ಹೀಗೆ ಹಲವು ದಿನ ಆಡಿ, ಕೊನೆಯ ದಿನ ಮನೆ ಮನೆಗೆ ಬಂದು ಜೋಳ, ಬೇಳೆ, ಹಳೆಯ ಬಟ್ಟೆ, ಕೊಟ್ಟಷ್ಟು ಹಣ ಸ್ವೀಕರಿಸಿ ಮುಂದಿನ ಊರಿಗೆ ಹೋಗುತ್ತಾರೆ. ಸೂರ್ಯನ ಬೆಳಕಿನಲ್ಲಿ, ಮೂರು ಮಾರು ದೂರದಲ್ಲಿ ನಿಂತವರಿಗೆ ಹನುಮಂತನೆಂದು ನಂಬಿಸುವುದು ಸಾಮಾನ್ಯ ವಿದ್ಯೆಯಲ್ಲ. ನ್ಯೂಯಾರ್ಕಿನ ರಂಗದಲ್ಲಿ ನೂರಾರು ದೀಪಗಳು ಮುಚ್ಚುವ ಕುಂದನ್ನು ಇಲ್ಲಿ ಮುಚ್ಚುವವರು ಯಾರೂ ಇಲ್ಲ.

ಮುದುಕರ ಮಾತು ಕೇಳುತ್ತಿದ್ದಂತೆ ನನಗೆ ಬಾಲ್ಯದ ಒಂದು ದಿನ ನೆನಪಾಯಿತು. ನಾನು ಆರೇಳು ವರ್ಷದವನು. ಅಂಗಳಕ್ಕೆ ಹನುಮಂತ ಬಂದ. ಉಬ್ಬಿದ ಬಾಯಿ, ಕೆಂಪು ಮುಖ, ಹಿಂದೆ ಬಟ್ಟೆ ಸುತ್ತಿದ ಬಾಲ. ಬಾಳೆಹಣ್ಣು ಕೇಳಿದ. ನಾನು ಚೀರಿ ಅಜ್ಜಿಯ ಸೆರಗಿನಲ್ಲಿ ಅಡಗಿಕೊಂಡೆ. ಸಂಜೆ ನೀರಿಗೆ ಹೋದ ಅಜ್ಜಿಯ ಹಿಂದೆ ಬಾವಿಯ ಕಟ್ಟೆಗೆ ಹೋದಾಗ ಅಲ್ಲೊಬ್ಬರು ಬಗ್ಗಿ ಮುಖ ತೊಳೆಯುತ್ತಿದ್ದರು. ಕೆಂಪು ನೀರು ಕಲ್ಲಿನ ಮೇಲೆ ಹರಿಯುತ್ತಿತ್ತು. ತಲೆಯೆತ್ತಿದರು. ಬಡಕಲಾದ, ಯಾರದಾದರೂ ಆಗಬಹುದಾದ ಒಂದು ಮುಖ. ನಿಜ ಹೇಳುತ್ತೇನೆ, ಹನುಮಂತನನ್ನು ಕಂಡದ್ದಕ್ಕಿಂತ ಹೆಚ್ಚಾಗಿ ಆ ಮುಖವನ್ನು ಕಂಡು ನಾನು ಬೆದರಿದೆ. ಹನುಮಂತ ಎಲ್ಲಿ ಹೋದ?

“ಕಾಕಾ, ನೀವು ಹನುಮಪ್ಪನ ಸೋಗು ಹಾಕ್ತಿದ್ರೇನು?” ಎಂದೆ.

ಮುದುಕರ ಕಣ್ಣು ಅರಳಿತು. “ನಂದೇ ಅದ್ರಿ ಆ ಸೋಗು!”

ಚಹಾ ಬಂತು. ನಿಧಾನವಾಗಿ ಬಂದ ಕಾರಣವೂ ತಿಳಿಯಿತು. ವಯಸ್ಸಾದ ಕಲಾವಿದರಿಗೆ ಸರ್ಕಾರದಿಂದ ಮಾಸಾಶನ ದೊರೆಯುವ ಏರ್ಪಾಡು ನಮ್ಮ ರಾಜ್ಯದಲ್ಲಿ ಉಂಟಷ್ಟೆ. ಯಾರೋ ಹೇಳಿದರೆಂದು ಅರ್ಜಿ ಹಾಕಲು ಹೋಗಿದ್ದಾರೆ. ವೇಷದಲ್ಲಿರುವ ಭಾವಚಿತ್ರ ಬೇಕು, ಪ್ರಶಸ್ತಿಪತ್ರ ಬೇಕು ಎಂದಿದ್ದಾರೆ. “ನಮ್ಮ ಬಲ್ಲಿ ಎಲ್ಲಿ ಫೋಟೋರಿ? ಮೊಣಕಾಲು ಹೋಗಿ ಸೋಗು ಬಿಟ್ಟು ಹದಿನೈದು ವರ್ಸಾತು. ಅವಾಗ ಯಾರ ಬಲ್ಲಿ ಫೋನಿತ್ತು? ಪೆಟಗಿನೂ ಹೋತು, ಮಳಿಗಿ ಗೋಡಿ ಬಿದ್ದು ಕಿರೀಟ, ಬಾಲ ಎಲ್ಲಾ ಕೆಟ್ಟು ಹೋದ್ವು.” ಜೊತೆಗೆ ಆಡುತ್ತಿದ್ದ ತಮ್ಮಂದಿರ ಮಕ್ಕಳು ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದಾರಂತೆ. ಟೆಲಿವಿಷನ್ನಿನಲ್ಲಿ ರಾಮನೇ ಬಂದ ಮೇಲೆ ಓಣಿಯ ರಾಮನನ್ನು ಕೇಳುವವರು ಯಾರು? ಅಮೆರಿಕದ ವಾಡ್‌ವಿಲ್ಲಿಗೂ ಹೀಗೆಯೇ ಆಯಿತು. ರೇಡಿಯೊ ಬಂತು, ಮಾತನಾಡುವ ಚಿತ್ರ ಬಂತು; 1913ರಲ್ಲಿ ತೆರೆದ, ಅಲ್ಲಿ ಆಡಿದರೆ ಜನ್ಮ ಸಾರ್ಥಕವೆಂದು ನಟರು ಬಗೆದಿದ್ದ ನ್ಯೂಯಾರ್ಕಿನ ಪ್ಯಾಲೇಸ್ ರಂಗಮಂದಿರವೇ 1932ರಲ್ಲಿ ಸಿನಿಮಾ ಮನೆಯಾಯಿತು.

ನನಗೆ ಸುಲಭದ ಉಪಾಯವೊಂದು ಹೊಳೆಯಿತು. “ಕಾಕಾ, ಕಾಲೇಜಿನಾಗ ನಾಟಕದ ಬಟ್ಟಿ ಅವ. ಇನ್ನೊಮ್ಮೆ ಸೋಗು ಹಾಕ್ಕೊಳ್ರಿ, ನಾನೇ ಫೋಟೋ ತೆಗೀತೀನಿ. ಅರ್ಧ ತಾಸಿನ ಕೆಲಸ.”

ಮುದುಕರು ಬಸಿಯನ್ನು ಕೆಳಗಿಟ್ಟರು. “ಬ್ಯಾಡ್ರಿ ಸರ್. ಸೋಗು ಹಾಕೋದು ಮಂದಿ ಮುಂದ ಆಡಲಾಕ. ಕಾಗದಕ್ಕ ತೋರಸಲಾಕ ಹಾಕಿದ್ರ ಅದು ಸುಳ್ಳು ಸೋಗು ಆತದ್ರಿ. ನಮ್ಮಪ್ಪ ಹಂಗ ಕಲಿಸಿಲ್ಲ. ನೀವು ಚಿತ್ರ ತೆಗೀರಿ. ಚಿತ್ರ ಆದ್ರ ಆಗಿದ್ದು ಆಗಿದ್ಹಂಗ ತೋರಸ್ತದ.”

ವೇಷ ಹಾಕುವುದನ್ನೇ ವೃತ್ತಿಯಾಗಿ ಉಳ್ಳವನಲ್ಲಿ ಸುಳ್ಳಿನ ಬಗ್ಗೆ ಇಷ್ಟು ಭಯ! ವರ್ಷಕ್ಕೆ ಹತ್ತು ಸಲ ಕಾಯಕದ ಮೇಲೆ ಉಪನ್ಯಾಸ ಕೊಡುವ ನನಗೆ ಅರ್ಧ ತಾಸಿನ ಉಪಾಯ ಹೊಳೆದದ್ದಕ್ಕೆ ನಾಚಿಕೆಯಾಯಿತು.

ಮೂರು ಸಂಜೆ ಅವರು ಬಂದರು. ಹನುಮಂತನ ಚಿತ್ರ ಮೊದಲಾಯಿತು. ಬಣ್ಣ ಎಲ್ಲಿ ಬರಬೇಕು, ಬಿಳಿಯ ಚುಕ್ಕೆಗಳು ಎಲ್ಲಿಂದ ಎಲ್ಲಿಗೆ, ಕಾಡಿಗೆ ಎಷ್ಟು ದಪ್ಪ ಎಂಬುದನ್ನೆಲ್ಲ ತಮ್ಮ ಸುಕ್ಕುಗಟ್ಟಿದ ಕೆನ್ನೆಯ ಮೇಲೆ ಬೆರಳಾಡಿಸಿ ತೋರಿಸುತ್ತಿದ್ದರು. ಕನ್ನಡಿಯಿಲ್ಲದೆ, ಬಣ್ಣವಿಲ್ಲದೆ ಆ ಬೆರಳು ಒಮ್ಮೆಯೂ ತಪ್ಪಲಿಲ್ಲ. ಚಿತ್ರ ಮುಗಿದಾಗ ಬಹಳ ಹೊತ್ತು ನೋಡಿದರು.

“ಹನುಮಪ್ಪ ಖರೇನೇ ಬಂದಾನ್ರಿ. ಆದ್ರ ಇದರಾಗ ನಾ ಎಲ್ಲಿದ್ದೀನಿ?”

ಆದ್ದರಿಂದ ಇನ್ನೊಂದು ಹಾಳೆ. ರುಮಾಲು ತೆಗೆಸಿ ಬರಿಯ ಮುಖವನ್ನು ಬರೆದೆ. ಈ ಮುಖಕ್ಕೆ ಕೀಟನ್ನನಷ್ಟು ಹಾಳೆಗಳು ಬೇಕಾಗಲಿಲ್ಲ. ಎದುರಿಗೆ ಜೀವಂತ ಮನುಷ್ಯ ಕುಳಿತಿದ್ದರೆ ಕಣ್ಣು ತಾನಾಗಿ ಬರುತ್ತದೆ.

ಎರಡನ್ನೂ ಹಿಡಿದುಕೊಂಡು ಕಚೇರಿಗೆ ಹೋದೆವು. ಯಾವ ಕಚೇರಿ ಎಂಬುದು ಬೇಡ, ಅಲ್ಲಿದ್ದವರು ಒಳ್ಳೆಯವರೇ. ಮೊದಲ ಚಿತ್ರ ನೋಡಿ, ಇದು ಯಾರಾದರೂ ಆಗಬಹುದು ಎಂದರು. ಎರಡನೆಯದನ್ನು ನೋಡಿ, ಇದೇನೋ ಇವರೇ ಸರಿ. ಆದರೆ ಇವರು ಕಲಾವಿದರೆಂಬುದು ಇದರಲ್ಲಿ ಎಲ್ಲಿದೆ ಎಂದರು. ಅವರು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿಲ್ಲ. ನಲವತ್ತು ವರ್ಷ ತನ್ನನ್ನು ತಾನು ಚೆನ್ನಾಗಿ ಮರೆಸಿಕೊಂಡ ಕಲಾವಿದನಿಗೆ ಈಗ ಅದೇ ಕಲೆ ಅಡ್ಡ ನಿಂತಿತ್ತು! ಕೊನೆಗೆ ಅವರೇ ಒಂದು ದಾರಿ ತೋರಿದರು: ಇವರ ಆಟ ಕಂಡವರು ಊರುಗಳಲ್ಲಿ ಇದ್ದರೆ ಸಹಿ ಮಾಡಿಸಿ ತನ್ನಿರಿ, ಅರ್ಜಿಯೊಡನೆ ಮೇಲೆ ಕಳಿಸೋಣ.

ಮರುದಿನವೇ ನಮ್ಮ ಊರಿನಿಂದ ಆರಂಭಿಸಿದೆವು. ಕಟ್ಟೆಯ ಮೇಲೆ ಕುಳಿತ ಹಿರಿಯರಿಗೆ ಬರಿಯ ಮುಖದ ಚಿತ್ರ ತೋರಿಸಿದೆ. “ಇವರ್ಯಾರ್ರಿ?” ಎಂದರು; ಚಿತ್ರದ ಮನುಷ್ಯ ಪಕ್ಕದಲ್ಲಿಯೇ ನಿಂತಿದ್ದರೂ ಅದೇ ಪ್ರಶ್ನೆ. ಹನುಮಂತನ ಚಿತ್ರ ತೋರಿಸಿದೆ. ಸೋಗಿನವರ ಹನುಮಪ್ಪ ಗೊತ್ತು, ಯಾರು ಹಾಕುತ್ತಿದ್ದರೋ ಗೊತ್ತಿಲ್ಲ ಎಂದರು. ನಾನು ಎರಡು ಹಾಳೆಗಳನ್ನೂ ಅಕ್ಕಪಕ್ಕ ಹಿಡಿದು ಕಣ್ಣುಗಳನ್ನು ತೋರಿಸಿ ಪಾಠ ಹೇಳಲು ತೊಡಗಿದೆ. ಯಾರಿಗೂ ನಂಬಿಕೆ ಬಂದಂತೆ ಕಾಣಲಿಲ್ಲ.

ಆಗ ಮುದುಕರು ಮೊಮ್ಮಗಳ ಕೈ ಬಿಟ್ಟರು. ಬಗ್ಗಿದ ಮೊಣಕಾಲನ್ನು ಇನ್ನಷ್ಟು ಬಗ್ಗಿಸಿ, ಬಾಯಿ ಉಬ್ಬಿಸಿ, ಲಂಕೆಯಲ್ಲಿ ಸೀತೆಯನ್ನು ಕಂಡ ಹನುಮಂತನ ಮಾತನ್ನು ಎತ್ತಿಕೊಂಡರು. ಬಣ್ಣವಿಲ್ಲ, ಬಾಲವಿಲ್ಲ, ಪೇಟಿಯಿಲ್ಲ. ದನಿಯೊಂದೇ. ಆ ಕೃಶವಾದ ಎದೆಯಲ್ಲಿ ಆ ದನಿ ಎಲ್ಲಿತ್ತೋ! ಕಟ್ಟೆಯ ಮೇಲಿನ ಹರಟೆ ನಿಂತಿತು. ಎದುರು ಮನೆಯ ಬಾಗಿಲು ತೆರೆಯಿತು. ಎಂಬತ್ತರ ಮೇಲಿನ, ಕಣ್ಣು ಸರಿಯಾಗಿ ಕಾಣದ ಅಜ್ಜಿಯೊಬ್ಬರು ಗೋಡೆ ಹಿಡಿದುಕೊಂಡು ಹೊಸ್ತಿಲಿಗೆ ಬಂದರು. ಒಂದು ಕೈಯಲ್ಲಿ ಮೊರ, ಮೊರದಲ್ಲಿ ಜೋಳ.

“ಹನುಮಪ್ಪ ಬಂದಾನೇನು? ಎಷ್ಟು ವರ್ಸ ಆತೋ ತಮ್ಮಾ ನೀ ಬರಲಾರದ!” ಎಂದರು.

ಮುದುಕರು ಧೋತ್ರದ ಚುಂಗನ್ನು ಒಡ್ಡಿ ಜೋಳವನ್ನು ಹಾಕಿಸಿಕೊಂಡರು. ಯಾರೂ ಮಾತನಾಡಲಿಲ್ಲ. ಆಮೇಲೆ ಕಟ್ಟೆಯವರೆಲ್ಲ ಒಬ್ಬರಾದ ಮೇಲೊಬ್ಬರು ನನ್ನ ಕೈಯ ಹಾಳೆಯನ್ನು ಇಸಿದುಕೊಂಡು ಸಹಿ ಹಾಕಿದರು. ಮೊದಲ ಹೆಬ್ಬೆಟ್ಟು ಆ ಅಜ್ಜಿಯದು.

ಅರ್ಜಿ ಮೇಲೆ ಹೋಗಿದೆ. ಈ ಸಾಲುಗಳನ್ನು ಬರೆಯುವ ಹೊತ್ತಿಗೆ ಉತ್ತರ ಬಂದಿಲ್ಲ. ತಿಂಗಳಿಗೊಮ್ಮೆ ಹೋಗಿ ವಿಚಾರಿಸಿ ಬರುವುದು ನನ್ನ ಪಾಲಿನ ಕೆಲಸವಾಗಿದೆ, ಬರುವವರೆಗೆ ಬಿಡುವವನಲ್ಲ.

ಒಂದು ಮಾತು ಹೇಳದೆ ಬಿಟ್ಟಿದ್ದೆ. ನ್ಯೂಯಾರ್ಕಿನಲ್ಲಿ ಆಲ್ ಹಿರ್ಷ್‌ಫೆಲ್ಡ್ ಎಂಬ ರೇಖಾಚಿತ್ರಕಾರನೊಬ್ಬನಿದ್ದ. ಚಾಪ್ಲಿನ್ ಮೊದಲುಗೊಂಡು ಆ ನಾಡಿನ ರಂಗದ ಮೇಲಿನ ಬಹುತೇಕ ಎಲ್ಲ ಮುಖಗಳನ್ನೂ ಬರೆದು, 2003ರಲ್ಲಿ ತೊಂಬತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡವನು. 1945ರಲ್ಲಿ ಮಗಳು ಹುಟ್ಟಿದಂದಿನಿಂದ ಅವನು ತನ್ನ ಚಿತ್ರಗಳಲ್ಲಿ, ಕೂದಲ ಸುರುಳಿಯಲ್ಲೋ ಅಂಗಿಯ ನೆರಿಗೆಯಲ್ಲೋ, ನೀನಾ ಎಂಬ ಅವಳ ಹೆಸರನ್ನು ಅಡಗಿಸಿಡುತ್ತಿದ್ದ. ಓದುಗರು ಭಾನುವಾರದ ಪತ್ರಿಕೆಯನ್ನು ಹಿಡಿದುಕೊಂಡು ಅದನ್ನು ಹುಡುಕುತ್ತ ಕೂರುವರಂತೆ. ಅವನನ್ನು ನೆನೆದು ನಾನೂ ಹನುಮಂತನ ಬಾಲದ ರೋಮಗಳ ನಡುವೆ ಆ ಮುದುಕರ ಮೂರಕ್ಷರದ ಹೆಸರನ್ನು ಸೇರಿಸಿದ್ದೆ. ಕಚೇರಿಯಲ್ಲಿ ಯಾರೂ ಅದನ್ನು ಕಾಣಲಿಲ್ಲ. ಕಾಣಿರೆಂದು ಹೇಳುವ ಧೈರ್ಯ ನನಗೂ ಆಗಲಿಲ್ಲ. ಮುದುಕರಿಗೆ ಓದು ಬಾರದು.

ಬರಿಯ ಮುಖದ ಚಿತ್ರ ಈಗ ನನ್ನ ಗೋಡೆಯ ಖಾಲಿ ಜಾಗದಲ್ಲಿದೆ. ಹನುಮಂತ ಅವರ ಮನೆಯಲ್ಲಿದ್ದಾನೆ. ಮೊನ್ನೆ ಆ ಕಡೆ ಹೋದಾಗ ಮೊಮ್ಮಗಳು ನನ್ನನ್ನು ಕಂಡವಳೇ ಓಡಿಬಂದು ಕೈ ಹಿಡಿದು ಒಳಗೆ ಎಳೆದುಕೊಂಡು ಹೋದಳು. ಗೋಡೆಯ ಮೇಲಿನ ಚಿತ್ರದ ಬಾಲದ ಮೇಲೆ ಪುಟ್ಟ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು. ಆಮೇಲೆ ಹೊರಸಿನ ಮೇಲೆ ಕುಳಿತಿದ್ದ ಮುದುಕರ ಕಡೆಗೆ ತಿರುಗಿ, “ಮುತ್ಯಾ, ನೀ ಇಲ್ಲಿದ್ದಿ ನೋಡು!” ಎಂದಳು.